ವರ್ಷಾಳ ಹಿಂದೆ ನಿಂತವಳು

ಗುರುಶಾಂತನಿಗೆ ಬೆಳಗಾಗುವ ಹೊತ್ತಿಗೆ ಅವನ ಹೆಂಡತಿ ವರ್ಷಾಳಿಗೆ ಇನ್ನೂ ಹಿಂದಿನ ದಿನದ ಸಂಜೆಯೇ ಮುಗಿದಿರುತ್ತಿರಲಿಲ್ಲ. ಆಕೆ ಕೆನಡಾದ ಟೊರಾಂಟೊದಲ್ಲಿ, ಇವನು ಹೈದರಾಬಾದಿನ ಉಪ್ಪಲ್‌ನಲ್ಲಿ. ರಾತ್ರಿಪಾಳಿ ಮುಗಿಸಿದ ಸಾಫ್ಟ್‌ವೇರ್ ಮಂದಿಯನ್ನು ಗಚ್ಚಿಬೌಲಿಯಿಂದ ಅವರವರ ಮನೆ ಮುಟ್ಟಿಸಿ, ಕ್ಯಾಬನ್ನು ಓಣಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಮುಖಕ್ಕೆ ನೀರು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಮಗ್ಗುಲಲ್ಲಿ ತಾಯಿ ಬಂಡೆಮ್ಮ ಚಹಾದ ಬಟ್ಟಲು ಹಿಡಿದು ಕೂರುತ್ತಿದ್ದಳು. ತೆರೆಯ ಮೇಲೆ ವರ್ಷಾ ಕಾಣಿಸಿಕೊಳ್ಳುತ್ತಿದ್ದಳು. ಮಾತು ಒಮ್ಮೆ ತಡವಾಗಿ ಬರುತ್ತಿತ್ತು, ಒಮ್ಮೆ ಮುಖ ತುಂಡುತುಂಡಾಗಿ ನಿಂತುಬಿಡುತ್ತಿತ್ತು. ಆದರೂ ಅದೇ ಅವರ ಸಂಸಾರ.

ಬಂಡೆಮ್ಮ ಗಂಡ ಸತ್ತ ಮೇಲೆ ಮಾನ್ವಿ ಕಡೆಯಿಂದ ಹೈದರಾಬಾದಿಗೆ ಇಟ್ಟಿಗೆ ಹೊರಲು ಬಂದವಳು. ಆಕೆಯ ಮಗ ಡ್ರೈವರನಾದ. ವರ್ಷಾಳ ತಂದೆ ಬಸವಲಿಂಗಪ್ಪನವರು ಹೈದರಾಬಾದಿನಲ್ಲಿಯೇ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದರು. ಗುರುಶಾಂತನ ಕ್ಯಾಬಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ವರ್ಷಾ, ಒಂದು ದಿನ ಅವನು ಫೋನಿನಲ್ಲಿ ತಾಯಿಯೊಡನೆ ಆಡುತ್ತಿದ್ದ ಕನ್ನಡ ಮಾತು ಕೇಳಿ, "ನಿಮ್ಮದು ಯಾವ ಊರ್ರಿ?" ಎಂದು ಹಿಂದಿನ ಸೀಟಿನಿಂದ ಕೇಳಿದ್ದಳು. ಅಲ್ಲಿಂದ ಶುರುವಾದದ್ದು, ಆಕೆ ಕೆನಡಾಕ್ಕೆ ಹೋಗಿ ನೆಲೆ ನಿಂತ ಮೇಲೂ ಕಡಿಯಲಿಲ್ಲ. ಒಮ್ಮೆ ರಜೆಗೆ ಬಂದವಳು ರಿಜಿಸ್ಟ್ರಾರ್ ಕಚೇರಿಯಲ್ಲಿ ಅವನನ್ನು ಮದುವೆಯಾದಳು. ಬಸವಲಿಂಗಪ್ಪನವರು ಅತ್ತ ಸುಳಿಯಲಿಲ್ಲ. ಆಕೆ ಮರಳಿ ಹೋಗಿ ಗಂಡನಿಗೂ ಪಿ.ಆರ್. ಕೊಡಿರೆಂದು, ಎಂದರೆ ಅಲ್ಲಿ ಕಾಯಂ ಇರಲು ಪರವಾನಗಿ ಕೊಡಿರೆಂದು, ಸರ್ಕಾರವನ್ನು ಕೇಳಿಕೊಂಡಳು. ಅದು ಬರುವ ತನಕ ಕಾಯಬೇಕಿತ್ತು.

ಮೊದಲ ಚಳಿಗಾಲದಲ್ಲಿಯೇ ತೆರೆಯ ಮೇಲೆ ಇನ್ನೊಬ್ಬ ಹೆಂಗಸು ಕಾಣಿಸತೊಡಗಿದಳು. ವರ್ಷಾಳ ಬೆನ್ನ ಹಿಂದೆ, ಗೋಡೆಗೆ ತಾಗಿ ನಿಂತಿರುತ್ತಿದ್ದಳು. ವಯಸ್ಸಾದವಳು, ಬೂದುಬಣ್ಣದ ಉದ್ದನೆಯ ಕೋಟು, ಮುಂದೆ ಕಟ್ಟಿಕೊಂಡ ಕೈಗಳು. ಮಾತಿಲ್ಲ, ಅಲುಗಾಟವಿಲ್ಲ. ಚಿತ್ರ ಒಮ್ಮೆ ನಿಂತು ಮತ್ತೆ ಚಲಿಸುವಷ್ಟರಲ್ಲಿ ಆಕೆ ಇರುತ್ತಿರಲಿಲ್ಲ.

"ಆಕಿ ಯಾರಪಾ, ಹಿಂದ ನಿಂತಾಕಿ?" ಎಂದು ಬಂಡೆಮ್ಮ ಕೇಳಿದಳು.

"ಜೋಡಿ ಇರಾಕಿ ಇರಬೇಕು ಬಿಡಬೇ. ಬಾಡಿಗಿ ಹಂಚಿಕೊಂಡಿರಬೇಕು."

ತಾನೊಬ್ಬಳೇ ಮನೆ ಹಿಡಿದಿದ್ದೇನೆ ಎಂದು ವರ್ಷಾ ಹೇಳಿದ್ದು ಅವನಿಗೆ ನೆನಪಿತ್ತು. ಕಷ್ಟ ಮುಚ್ಚಿಡುತ್ತಿದ್ದಾಳೆ, ಕೇಳಿ ಯಾಕೆ ಅವಳ ಮನಸ್ಸು ನೋಯಿಸಬೇಕು ಎಂದು ಸುಮ್ಮನಾದ. ಬಂಡೆಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. "ಹಿರೇ ಮನುಷ್ಯಾಳು, ನಿಂತಾ ಇರ್ತಾಳ. ಕುಂದ್ರು ಅನ್ನಂಗಿಲ್ಲ ನಿನ್ನ ಹೇಂತಿ" ಎಂದು ಗೊಣಗುವಳು.

ಎರಡನೆಯ ವರ್ಷ ಅವನಿಗೆ ವಿಸಿಟರ್ ವೀಸಾ ಸಿಕ್ಕಿತು. ಹೆಂಡತಿಯನ್ನು ನೋಡಿಕೊಂಡು ಬರಬಹುದು, ಉಳಿಯುವಂತಿಲ್ಲ. ವಿಮಾನ ಇಳಿದು ವಲಸೆ ತಪಾಸಣೆಯ ಸಾಲಿನಲ್ಲಿ ನಿಂತವನನ್ನು ಅಧಿಕಾರಿಣಿಯೊಬ್ಬಳು ಪಕ್ಕದ ಕೋಣೆಗೆ ಕರೆದಳು. ನಡುವಯಸ್ಸಿನವಳು, ದನಿ ಮೆತ್ತಗಿತ್ತು. ಮೇಜಿನ ಮೇಲಿನ ಫೋನಿನಿಂದ ಮುಖವಿಲ್ಲದ ಒಂದು ಗಂಡಸಿನ ದನಿ ಅವಳ ಮಾತನ್ನು ಹಿಂದಿಯಲ್ಲಿ ಹೇಳುತ್ತಿತ್ತು.

ಅವನು ನಿಜವಾಗಿ ಗಂಡನೇ? ನಿಜವಾಗಿ ಹಿಂದಿರುಗುವನೇ? ಎರಡೇ ಮಾತು, ಆದರೆ ಸುತ್ತಿಸುತ್ತಿ ಕೇಳಿದರು. ಗಂಡನಾದರೆ ಬಿಟ್ಟುಹೋಗಲು ಮನಸ್ಸು ಹೇಗೆ ಬರುತ್ತದೆ, ಹಿಂದಿರುಗುವವನಾದರೆ ಕಾಯಂ ಇರಲು ಯಾಕೆ ಕೇಳಿದ್ದೀರಿ ಎಂದಾಗ ಗುರುಶಾಂತನಿಗೆ ತಾನೇ ಇಬ್ಬರಾಗಿ ಕೂತಂತೆ ಅನ್ನಿಸಿತು.

"ಹೆಂಡತಿಯ ಮನೆಯಲ್ಲಿ ಯಾರು ಯಾರು ಇದ್ದಾರೆ?" ಎಂದಿತು ಫೋನಿನ ದನಿ.

"ಆಕೆ, ಮತ್ತೊಬ್ಬ ವಯಸ್ಸಾದ ಹೆಂಗಸು" ಎಂದ.

ಅಧಿಕಾರಿಣಿ ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಕೂತು ಅವನ ಮುಖವನ್ನೇ ನೋಡಿದಳು. ಹೊರಗೆ ಕಾಯುತ್ತಿದ್ದ ವರ್ಷಾಳನ್ನು ಫೋನಿನಲ್ಲಿ ಕೇಳಲಾಗಿತ್ತು. ಮನೆಯಲ್ಲಿ ತಾನೊಬ್ಬಳೇ ಎಂದು ಆಕೆ ಹೇಳಿದ್ದಳು.

"ಆ ಹೆಂಗಸನ್ನು ನೀವು ನೋಡಿದ್ದೀರಾ?"

"ದಿನಾ ನೋಡುತ್ತೇನೆ. ನನ್ನ ತಾಯಿಯೂ ನೋಡುತ್ತಾಳೆ." ಅವನು ಬೂದು ಕೋಟು, ಕಟ್ಟಿದ ಕೈ, ನಿಲ್ಲುವ ಜಾಗ ಎಲ್ಲವನ್ನೂ ಹೇಳಿದ. ಫೋನಿನ ದನಿ ಅದನ್ನು ಇಂಗ್ಲಿಷಿಗೆ ಮಾಡುತ್ತ ಮಾಡುತ್ತ ನಡುವೆ ಒಮ್ಮೆ ತಡವರಿಸಿತು. ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. ಸುಳ್ಳು ಹೇಳುವವನು ಇಂಥ ಸುಳ್ಳು ಹೇಳಲಾರ ಎನ್ನಿಸಿತೋ ಏನೋ, ಕಡೆಗೆ ಒಳಗೆ ಬಿಟ್ಟಳು. ಆದರೆ ಎಲ್ಲರಿಗೂ ಕೊಡುವ ಆರು ತಿಂಗಳ ಬದಲು ಒಂದೂವರೆ ತಿಂಗಳಿಗೇ ಹೊರಡಬೇಕೆಂದು ಗಡುವು ಹಾಕಿದಳು.

ಹೊರಗೆ ವರ್ಷಾ ಅವನ ಕೈ ಹಿಡಿದಳು. ಬಸ್ಸಿನಲ್ಲಿಯೂ ಬಿಡಲಿಲ್ಲ. ಹಿಮ ಬಿದ್ದ ಓಣಿಯ ಕೊನೆಗೆ ಒಬ್ಬ ಪಂಜಾಬಿಯ ಮನೆ, ಅದರ ನೆಲಮಾಳಿಗೆಯಲ್ಲಿ ಆಕೆಯ ಸಂಸಾರ. ಒಳಗೆ ಹೋಗಿ ದೀಪ ಹಾಕಿದ ಮೇಲೆ ಕೇಳಿದಳು.

"ನಿಮಗೂ ಕಾಣತಾಳೇನ್ರಿ ಆಕಿ?"

ಆಕೆ ಜೊತೆಗೆ ಇರುವವಳಲ್ಲವೇ ಎಂದ ಗುರುಶಾಂತ.

"ನಾನು ನಿಮಗ ಹೇಳಲಿಲ್ಲ. ತಲಿ ಕೆಟ್ಟೈತಿ ಅಂತೀರಂತ ಅಂಜಿಕಿ ಆಗಿತ್ತು. ಇಲ್ಲಿ ಬೇರೆ ಯಾರೂ ಇಲ್ಲರಿ. ಆದ್ರ ಸಂಜಿಮುಂದ ಹಿಂದ ಯಾರೋ ನಿಂತಂಗ ಆಗತೈತಿ. ಒಮ್ಮೊಮ್ಮೆ ಕೋಟಿನ ಅಂಚು ಕಾಣತೈತಿ. ಹೊಳ್ಳಿ ನೋಡಿದ್ರ ಗೋಡಿ."

ಹೇಳುತ್ತ ಹೇಳುತ್ತ ಆಕೆ ಅತ್ತುಬಿಟ್ಟಳು. ಹೆದರಿಕೆಯ ಅಳುವಲ್ಲ ಅದು, ತನಗೆ ಹುಚ್ಚು ಹಿಡಿದಿಲ್ಲ ಎಂದು ಗೊತ್ತಾದವಳ ಅಳು. ಗುರುಶಾಂತ ಗೋಡೆಯ ಹತ್ತಿರ ಹೋಗಿ ಕೈಯಿಟ್ಟ. ತಣ್ಣನೆಯ ಸಿಮೆಂಟು. ಬಾಗಿಲಿಲ್ಲ, ಕಪಾಟಿಲ್ಲ, ಒಬ್ಬ ಮನುಷ್ಯ ಮರೆಯಾಗಲು ಎಲ್ಲಿಯೂ ಎಡೆಯಿಲ್ಲ.

ಅವನು ಅಲ್ಲಿದ್ದಷ್ಟು ದಿನವೂ ಆ ಹೆಂಗಸನ್ನು ನೋಡಲಿಲ್ಲ. ವರ್ಷಾ ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಕೂತು ಆ ಗೋಡೆ ನೋಡುತ್ತಿದ್ದ. ವಿಸಿಟರನಿಗೆ ಕೆಲಸ ಮಾಡುವ ಹಕ್ಕಿಲ್ಲ, ಸ್ಟೀರಿಂಗ್ ಹಿಡಿದ ಕೈಗಳು ಸುಮ್ಮನೆ ತೊಡೆಯ ಮೇಲಿರುತ್ತಿದ್ದವು. ಮಧ್ಯಾಹ್ನಕ್ಕೆಲ್ಲ ತಲೆ ಭಾರವಾಗುತ್ತಿತ್ತು. ಸೆಕೆಯ ಊರಿನವನಿಗೆ ಚಳಿ ಒಗ್ಗದು ಎಂದುಕೊಂಡ. ಗಂಡ ಹೆಂಡತಿ ಇಬ್ಬರೂ ಕೂತು ಹೈದರಾಬಾದಿಗೆ ಕರೆ ಮಾಡಿದಾಗ ಮಾತ್ರ, ಪಕ್ಕದ ಮನೆಯ ಹುಡುಗಿಯಿಂದ ಕಂಪ್ಯೂಟರ್ ಹಚ್ಚಿಸಿಕೊಂಡು ಕೂತ ಬಂಡೆಮ್ಮ ನಗುನಗುತ್ತ ಹೇಳಿದಳು.

"ಚಲೋ ಆತು ಬಿಡು, ಮೂರೂ ಮಂದಿ ಕಾಣಾಕತ್ತೀರಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂತಿರುಗಿ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಮನೆ ಬದಲಾಯಿಸು ಎಂದು ಅವನು ಹೇಳಿದ. ಚಳಿಗಾಲ ಮುಗಿಯಲಿ ಎಂದಳು. ಗಡುವು ಬಂತು. ಒಂದು ದಿನ ಹೆಚ್ಚು ಉಳಿದರೂ ಪಿ.ಆರ್. ಕೈತಪ್ಪುವ ಭಯವಿತ್ತು. ಹೊರಡುವ ದಿನ, ವರ್ಷಾ ಮೇಲೆ ಮಾಲೀಕರಿಗೆ ಹೇಳಿಬರಲು ಹೋಗಿದ್ದಾಗ, ಗುರುಶಾಂತ ಚಪ್ಪಲಿ ಬಿಟ್ಟು ಗೋಡೆಯೆದುರು ನಿಂತ. ಏನು ಮಾಡುತ್ತಿದ್ದೇನೆಂದು ಅವನಿಗೇ ನಾಚಿಕೆಯಾಯಿತು. ಆದರೂ ಕೈ ಮುಗಿದ.

"ಯಾರೇ ಆಗಿರಿ, ಹಿರಿಯಾರು ಅದೀರಿ. ನನಗ ಇಲ್ಲಿ ಇರಾಕ ಬಿಡವಲ್ರು. ನಾ ಬರೋತನಕ ಆಕೀನ ನೋಡಿಕೋರಿ."

ನೆಲಮಾಳಿಗೆಯಲ್ಲಿ ಹೀಟರಿನ ಗುಂಯ್‌ಗುಡುವ ಸದ್ದೊಂದೇ ಇತ್ತು.

ಹೈದರಾಬಾದಿಗೆ ಬಂದು ಮತ್ತೆ ಕ್ಯಾಬು ಹತ್ತಿದ. ಬೇಸಿಗೆ ಬಂದಿತು, ಆ ಹೆಂಗಸು ಕಾಣಿಸುವುದು ನಿಂತಿತು. ವರ್ಷಾಳೂ ಹಗುರಾಗಿದ್ದಳು, ಮನೆ ಬದಲಾಯಿಸುವ ಮಾತು ತಾನಾಗಿ ಹಿಂದೆ ಬಿತ್ತು. ಆದರೆ ದೀಪಾವಳಿ ಕಳೆದು ಅಲ್ಲಿ ಹಿಮ ಬೀಳತೊಡಗಿದ್ದೇ ತಡ, ಬೂದು ಕೋಟು ಮತ್ತೆ ಗೋಡೆಗೆ ತಾಗಿ ನಿಂತಿತು. ಬಂಡೆಮ್ಮ ಈಗ ಅವಳಿಗೂ ಒಂದು ನಮಸ್ಕಾರ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಕರೆ ಹತ್ತಿತು, ವರ್ಷಾ "ಒಂದ ನಿಮಿಷ ರೀ" ಎಂದು ತಲೆ ಹಿಡಿದುಕೊಂಡು ಕುರ್ಚಿಗೆ ಒರಗಿದಳು. ಹಿಂದಿನ ರಾತ್ರಿಯಿಡೀ ಅಲ್ಲಿ ಹಿಮ ಸುರಿದು, ಆಕೆ ಹಗಲೆಲ್ಲ ಮನೆಯಿಂದಲೇ ಕೆಲಸ ಮಾಡಿದ್ದಳು. ನಿದ್ದೆ ಹೋದಳೆಂದು ಇವರಿಬ್ಬರೂ ನಕ್ಕರು. ಆಗ ಗೋಡೆಗೆ ತಾಗಿ ನಿಂತವಳು ಹೆಜ್ಜೆ ಮುಂದಿಟ್ಟಳು.

ಅಷ್ಟು ದಿನ ಎಂದೂ ಅಲುಗದವಳು. ಕಟ್ಟಿದ ಕೈ ಬಿಚ್ಚಿ, ವರ್ಷಾಳ ಹೆಗಲ ಮೇಲೆ ಇಟ್ಟು, ಅಲುಗಾಡಿಸಿದಳು. ವರ್ಷಾಳ ತಲೆ ಗೊಂಬೆಯ ತಲೆಯಂತೆ ಒಂದು ಕಡೆಗೆ ವಾಲಿತು. ಹೆಂಗಸು ಬಾಗಿ, ಕ್ಯಾಮೆರಾದ ಹತ್ತಿರಕ್ಕೆ ಮುಖ ತಂದು, ನೆಟ್ಟಗೆ ಗುರುಶಾಂತನನ್ನು ನೋಡಿದಳು. ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ.

"ಫೋನ್ ಮಾಡೋ ಗುರೂ!" ಎಂದು ಬಂಡೆಮ್ಮ ಚೀರಿದಳು. ಬಟ್ಟಲು ಬಿದ್ದು ಚಹಾ ನೆಲದ ಮೇಲೆ ಹರಿಯಿತು.

ಮೇಲಿನ ಮನೆಯ ಪಂಜಾಬಿಯ ನಂಬರು ಅವನ ಮೊಬೈಲಿನಲ್ಲಿತ್ತು. ಹಿಂದಿಯಲ್ಲಿ ಏನು ಕೂಗಿದನೋ ಅವನಿಗೆ ಆಮೇಲೆ ನೆನಪಾಗಲಿಲ್ಲ. ತೆರೆಯಾಚೆ ಬಾಗಿಲು ತೆರೆದ ಸದ್ದಾಯಿತು, ಮೇಲಿನ ಮನೆಯ ಇಬ್ಬರು ಓಡಿಬಂದು ವರ್ಷಾಳನ್ನು ಎತ್ತಿಕೊಂಡು ಹೋದರು. ಆಮೇಲೆ ಖಾಲಿ ಕುರ್ಚಿ, ಬರಿಯ ಗೋಡೆ. ಚಿತ್ರ ಹಾಗೆಯೇ ಬಹಳ ಹೊತ್ತು ಇತ್ತು.

ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆಯ ಬಾಯನ್ನು ಹಿಮ ಮುಚ್ಚಿಬಿಟ್ಟಿತ್ತು. ಆ ಕೊಳವೆ ಮೊದಲಿಂದಲೂ ಒಳಗೆ ಸಣ್ಣಗೆ ಸೋರುತ್ತಲೇ ಇತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಬದುಕುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದರು.

ಸುದ್ದಿ ಹೇಗೋ ಬಸವಲಿಂಗಪ್ಪನವರಿಗೆ ಮುಟ್ಟಿತು. ಅದೇ ವಾರ ಅವರು ಉಪ್ಪಲ್‌ನ ಓಣಿ ಹುಡುಕಿಕೊಂಡು ಬಂದರು. ಮದುವೆಗೆ ಬರದವರು, ಬಂಡೆಮ್ಮ ಇಟ್ಟ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು, ಎಲ್ಲವನ್ನೂ ಕೇಳಿಸಿಕೊಂಡರು. ಕಡೆಗೆ ಕನ್ನಡಕ ತೆಗೆದು ಒರೆಸಿದರು.

"ಅದು ವಿಷಗಾಳಿ ನೋಡ್ರಿ. ವಾಸನಿ ಇರಂಗಿಲ್ಲ. ಅದನ್ನ ಕುಡದವರಿಗೆ ಇಲ್ಲದ್ದು ಕಾಣತೈತಿ, ಕೇಳತೈತಿ. ನನ್ನ ಮಗಳಿಗೆ ಆದದ್ದು ಅದು."

"ಆಕಿ ಕುಡದಾಳ, ಖರೆ" ಎಂದಳು ಬಂಡೆಮ್ಮ. "ನಾವು ಇಲ್ಲಿ ಉಪ್ಪಲ್‌ದಾಗ ಕುಂತಿದ್ವಿ. ನಮಗ ಹೆಂಗ ಕಾಣಿಸಿದ್ಲು, ಹೇಳ್ರಿ ಬೀಗರ?"

ಬೀಗರೆಂದು ಅವರನ್ನು ಆ ಮನೆಯಲ್ಲಿ ಕರೆದದ್ದು ಅದೇ ಮೊದಲು. ಅವರು ಮಬ್ಬಾದ ಕಂಪ್ಯೂಟರ್ ತೆರೆಯನ್ನೊಮ್ಮೆ ನೋಡಿ, ಬೇಗನೆ ದೃಷ್ಟಿ ತಿರುಗಿಸಿದರು. ಆದರೆ ಊಟ ಮಾಡಿಯೇ ಹೋದರು.

ಆಸ್ಪತ್ರೆಯಿಂದ ಬಂದ ವರ್ಷಾ ಬೇರೆ ಕಡೆ, ಎತ್ತರದ ಕಟ್ಟಡದಲ್ಲಿ ಮನೆ ಹಿಡಿದಳು. ಅಲ್ಲಿ ಆಕೆಯ ಹಿಂದೆ ದೊಡ್ಡ ಕಿಟಕಿ, ಕಿಟಕಿಯಾಚೆ ಆಕಾಶ. ಮುಂದಿನ ವರ್ಷ ಗುರುಶಾಂತನ ಪಿ.ಆರ್. ಬಂತು. ಬೀಳ್ಕೊಡಲು ಬಂಡೆಮ್ಮನ ಜೊತೆ ಬಸವಲಿಂಗಪ್ಪನವರೂ ವಿಮಾನ ನಿಲ್ದಾಣಕ್ಕೆ ಬಂದಿದ್ದರು.

ಅಲ್ಲಿ ಅವನು ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದ. ಒಂದು ಭಾನುವಾರ ಯಾರಿಗೂ ಹೇಳದೆ ಹಳೆಯ ಓಣಿಗೆ ಹೋದ. ಪಂಜಾಬಿ ಚಹಾ ಕುಡಿಸಿ, ನೆಲಮಾಳಿಗೆಗೆ ಕರೆದೊಯ್ದ. ಹೊಸ ಹೀಟರ್, ಹೊಸ ಬಣ್ಣ. ಮೊದಲು ಈ ಮನೆಯಲ್ಲಿ ಯಾರಿದ್ದರು ಎಂದು ಗುರುಶಾಂತ ಕೇಳಿದ. ತಾನೇ ಕಟ್ಟಿಸಿದ ಮನೆ, ಇಲ್ಲಿ ಯಾರೂ ಸತ್ತಿಲ್ಲ, ನಿನ್ನ ಹೆಂಡತಿಗಿಂತ ಮೊದಲು ನೆಲಮಾಳಿಗೆಯಲ್ಲಿ ಯಾರೂ ಇರಲೇ ಇಲ್ಲ ಎಂದ ಅವನು.

ಗುರುಶಾಂತ ಆ ಗೋಡೆಯೆದುರು ಹೋಗಿ ನಿಂತ. ಆ ಹೆಂಗಸಿಗೆ ಏನಾದರೂ ಹೇಳಬೇಕೆನಿಸಿತು, ಆದರೆ ಪಕ್ಕದಲ್ಲಿ ಮಾಲೀಕನಿದ್ದ. ಗೋಡೆಗೊಮ್ಮೆ ಕೈಯಿಟ್ಟು, ಮೆಟ್ಟಿಲು ಹತ್ತಿ ಹೊರಗೆ ಬಂದ. ಹೊರಗೆ ಬಿಸಿಲಿತ್ತು.