ಬೇವಿನ ಕಟ್ಟೆಯ ಮೇಲೆ ಹಾಸಿದ ಟವೆಲ್ಲು

ಮೊಮ್ಮಗಳ ತರಚಿದ ಮೊಣಕಾಲಿಗೆ ಈ ಮಧ್ಯಾಹ್ನ ಟಿಂಚರ್ ಹಚ್ಚಿದೆ. ಅವಳು ಅತ್ತು ಮಲಗಿದಳು. ವಾಸನೆ ಮಾತ್ರ ಮಲಗಲಿಲ್ಲ. ನನ್ನನ್ನು ಎಪ್ಪತ್ತರ ದಶಕದ ಹುನಗುಂದಕ್ಕೆ, ನಮ್ಮ ಮಾವನವರ ಹತ್ತಿರ ಕರೆದೊಯ್ಯಿತು. ಬರ್ರಿ, ನೀವೂ ಬರ್ರಿ. ಬಿಸಿಲು ಜೋರಿದೆ, ಆದರೆ ನೆನಪಿನ ದಾರಿಯಲ್ಲಿ ಬಿಸಿಲು ತಾಗುವುದಿಲ್ಲ.

ಮಾವನವರದು ಕಿರಾಣಿ ಅಂಗಡಿ, ಮನಸ್ಸೆಲ್ಲ ಎದುರಿನ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಮಲಗುವ ಮನೆಮಠ ಇಲ್ಲದವರಲ್ಲಿ ಯಾರು ಕೆಮ್ಮಿದರೂ ಅವರಿಗೆ ಕೇಳುತ್ತಿತ್ತು. ಅತ್ತೆ ಕೂಗಿದ್ದು ಕೇಳುತ್ತಿರಲಿಲ್ಲ. ಕೆಮ್ಮಿದವರನ್ನು ಬಾಗಲಕೋಟೆಯ ಸರ್ಕಾರಿ ದವಾಖಾನೆಗೆ ಸೇರಿಸಿ, ಮೈತುಂಬ ಟಿಂಚರ್ ವಾಸನೆ ಹೊತ್ತು ಬರುವುದು ಅವರ ಚಟ. ಹೊಸ ಸೊಸೆಯಾದ ನನಗೆ, ಇದಕ್ಕಿಂತ ಇಸ್ಪೀಟಿನ ಚಟವೇ ಮೇಲಿತ್ತು ಅನಿಸುತ್ತಿತ್ತು.

ಬಸ್ ಸ್ಟ್ಯಾಂಡಿನ ಬೇವಿನ ಕಟ್ಟೆಯ ಮೇಲೆ ಒಬ್ಬ ಅಜ್ಜ ಇದ್ದ. ಕಾಲಿನ ಹುಣ್ಣು ಕಪ್ಪಾಗಿತ್ತು. ಹಾಗೇ ಬಿಟ್ಟರೆ ಕಾಲೇ ಹೋಗುತ್ತಿತ್ತು, ಆದರೂ ಏಳಲೊಲ್ಲ.

"ಪುಗಸಟ್ಟಿ ನೋಡ್ತಾರಪಾ, ಏಳು," ಅಂದರು ಮಾವ.

"ಔಷಧ ಪುಗಸಟ್ಟಿ ಖರೆ ರೀ. ನಾ ಎದ್ದು ಹೋದ್ರ ಈ ಜಾಗಾ ಯಾರ ಕೊಡ್ತಾರ್ರಿ?"

"ನಿನ್ನ ಜಾಗಾ ನಾ ಕಾಯ್ತೇನಿ. ನಡಿ."

ಅಜ್ಜನನ್ನು ಸೇರಿಸಿ ಬಂದವರೇ ಹೆಗಲ ಟವೆಲ್ಲು ತೆಗೆದು ಕಟ್ಟೆಯ ಮೇಲೆ ಹಾಸಿದರು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ಲು ಎಸೆದರೆ ಮುಗಿಯಿತು, ಆ ಸೀಟು ಎಸೆದವರದೇ. ಬರಿ ಹೆಗಲಲ್ಲಿ ಮನೆಗೆ ಬಂದವರನ್ನು ಅತ್ತೆ ತಡೆದರು.

"ಟಾವೆಲ್ ಎಲ್ಲೈತ್ರಿ?"

"ಸೀಟ್ ಹಿಡದು ಬಂದೇನಿ."

"ಯಾವ ಊರಿಗೆ?"

ಮಾವ ನಗುತ್ತ ಕಾಲು ತೊಳೆಯಲು ಹೋದರು.

ಆ ಟವೆಲ್ಲಿಗೆ ಸಿಕ್ಕ ಮರ್ಯಾದೆ ಊರ ಗೌಡರಿಗೂ ಸಿಕ್ಕಿರಲಿಕ್ಕಿಲ್ಲ. ಸಂತೆಯ ದಿನವೂ ಜನ ನಿಂತೇ ಇದ್ದರು, ಅದರ ಮೇಲೆ ಕೂಡಲಿಲ್ಲ. ಬೇವಿನ ಹೂವು ಸದ್ದಿಲ್ಲದೆ ಉದುರುತ್ತಿತ್ತು. ಅಂಗಡಿಯಿಂದ ನೋಡಿದರೆ ಕಣ್ಣಿಗೆ ಕಾಣದವರೊಬ್ಬರು ಅಲ್ಲಿ ಹಾಯಾಗಿ ಮಲಗಿದ್ದಾರೆ ಅನಿಸುತ್ತಿತ್ತು.

ಒಂದು ದಿನ ಮಾವ ಊಟಕ್ಕೆ ಕೂತಾಗ ಬಸ್ ಸ್ಟ್ಯಾಂಡಿನ ಚಹಾದಂಗಡಿಯವ ಏದುಸಿರು ಬಿಡುತ್ತ ಬಂದ.

"ಸಾವಕಾರ್ರ, ಅಜ್ಜ ಬಂದಿದ್ದ. ಕಾಲು ನೆಟ್ಟಗಾಗೇತ್ರಿ. ಟಾವೆಲ್ ನೋಡಿ ನಿಂತ. 'ಯಾರೋ ಹಿಡದಾರ' ಅಂದಾವ್ನ ಇಳಕಲ್ ಬಸ್ ಹತ್ತಿದ. ನಾ ಓಡೂದ್ರಾಗ ಬಸ್ ಹೋತು."

ಮಾವ ಕೈ ತೊಳೆದು ಎದ್ದರು. ಇಳಕಲ್ಲಿನ ದರ್ಗಾ, ಮಠ, ಸಂತೆ ಎಲ್ಲ ಹುಡುಕಿದರು. ಅಜ್ಜ ಸಿಗಲಿಲ್ಲ.

"ಕರಕೊಂಡು ಬರಾಕ ನಾ ಹೋಗಬೇಕಿತ್ತವಾ," ಅಂದರು ನನಗೆ. "ಸೇರಿಸಿ ಬಂದ್ರ ಮುಗೀತು ಅಂದ್ಕೊಂಡ್ನಿ." ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಂಥವರ ಮನೆ ಸೊಸೆಯಾದೆನಲ್ಲ ಎಂದು ಆ ದಿನ ಹೆಮ್ಮೆಪಟ್ಟೆ.

ನಮ್ಮ ಓಣಿಯ ಗುಡಿಯಲ್ಲಿ ಮಲಗುವ ಮುದುಕಿಯನ್ನು ನಾಳೆ ಪುಕ್ಕಟೆ ಕಣ್ಣಿನ ಆಪರೇಷನ್ನಿಗೆ ಕಳಿಸುವುದಿದೆ. ಗಾಡಿ ಹತ್ತಿಸಿದರೆ ನನ್ನ ಕೆಲಸ ಮುಗಿಯಿತು ಅಂತ ಇವತ್ತು ಬೆಳಿಗ್ಗೆಯವರೆಗೂ ಅಂದುಕೊಂಡಿದ್ದೆ. ಈಗಷ್ಟೇ ಹೋಗಿ ಅವಳ ಪಕ್ಕ ಕೂತು ಹೇಳಿ ಬಂದೆ:

"ಯವ್ವಾ, ಪಟ್ಟಿ ಬಿಚ್ಚೂ ದಿನಾ ನಾ ಅಲ್ಲೇ ಇರ್ತೇನಿ. ನೀ ಕಣ್ಣ ಬಿಟ್ಟಾಗ ಮೊದಲ ನನ್ನ ಮಾರಿನ ಕಾಣ್ತತಿ."