ಜೇನುಬಣ್ಣ ಕಾಣದ ಚಾಕುಗಾರ

ಹೊತ್ತು ಹುಟ್ಟುವ ಮೊದಲೇ ಚಾಕು ಮಾಡುವ ಮುದುಕ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಒಮ್ಮೆ ಕೆಮ್ಮಿದರೆ ಮಾಡಿನ ಹೆಂಚು ನಾಲ್ಕು ಹಾರಬೇಕು. ಮೀಸೆಯಲ್ಲಂತೂ ಎರಡು ಪೊರಕೆ ಕಟ್ಟಬಹುದು. ಬಿಸಿಲೇರಿದರೆ ಉಕ್ಕಿನ ಬಣ್ಣ ತಿಳಿಯುವುದಿಲ್ಲವೆಂದು ಈ ಹೊತ್ತಿಗೇ ಕೆಲಸ.

ಅವನು ಮಾಡುವುದು ಒಂದೇ ಬಗೆಯ ಚಾಕು. ಗೇಣುದ್ದ, ಮಡಚುವುದಿಲ್ಲ, ತುದಿಯಿಂದ ಹಿಡಿಯ ಕೊನೆಯವರೆಗೆ ಒಂದೇ ಉಕ್ಕು. ಸೊಂಟಕ್ಕೆ ಸಿಕ್ಕಿಸಿದರೆ ಇದೆಯೆಂದೇ ಮರೆತುಹೋಗುತ್ತದೆ. ಹಣ್ಣು ಹೆಚ್ಚಲೂ ಬೇಕು, ಕಾಡಿನಲ್ಲಿ ಸೌದೆ ಸೀಳಲೂ ಬೇಕು. ದಿನಕ್ಕೆ ಎರಡರಂತೆ ನಲವತ್ತು ವರ್ಷ. ಇಡೀ ಸೈನ್ಯಕ್ಕೆ ಕೊಟ್ಟು ಮಿಕ್ಕಿದ್ದನ್ನು ಅವರ ಅಡುಗೆಯವರಿಗೂ ಹಂಚಬಹುದು.

"ಒಂದೂ ವಾಪಸ್ ಬಂದಿರ್ಲಿಲ್ಲ. ಇವನದೇ ಮೊದಲು," ಎನ್ನುತ್ತಾನೆ.

ಇವನೆಂದರೆ ಎದುರಿಗೆ ಕೂತಿರುವ ಕಾಡು ಕಾಯುವವನು. ಹೋದ ತಿಂಗಳು ಉರುಳಿಗೆ ಸಿಕ್ಕ ಜಿಂಕೆಯನ್ನು ಬಿಡಿಸುವಾಗ ಚಾಕು ಗಾಜಿನಂತೆ ಮುರಿದು ಅಂಗೈ ಸೀಳಿತು. ಎರಡು ಬೆರಳು ಇನ್ನೂ ಮಡಚುತ್ತಿಲ್ಲ. ಆದರೂ ಬೈಯಲಿಲ್ಲ, ಇನ್ನೊಂದು ಮಾಡಿಕೊಡು ಎಂದ. ಮುದುಕ ಹನ್ನೊಂದು ಅಲಗು ಮಾಡಿದ. ದಿಮ್ಮಿಗೆ ಚುಚ್ಚಿ ಬಗ್ಗಿಸಿದರೆ ಕೆಲವು ಪಟ್ಟೆಂದವು, ಕೆಲವು ಮೇಣದಂತೆ ಬಾಗಿ ಹಾಗೇ ಉಳಿದವು.

ಕೊನೆಗೆ ಈಗಷ್ಟೇ ಮುದುಕ ಬಾಯಿಬಿಟ್ಟ. "ಹುಟ್ಟಿದಾಗಿಂದ ನಂಗೆ ಬಣ್ಣ ಕಾಣಲ್ಲ ಕಣಪ್ಪಾ. ಎಲ್ಲಾ ಬೂದಿ. ಇಷ್ಟು ವರ್ಷ ನೋಡಿದ್ದು ನನ್ನ ಹೆಂಡ್ತಿ."

ಗಡಸಾದ ಅಲಗನ್ನು ಕಾದ ಕಬ್ಬಿಣದ ಮೇಲಿಟ್ಟರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಜೇನು, ಆಮೇಲೆ ನೀಲಿ. ಜೇನು ಬಂದ ಉಸಿರಲ್ಲೇ ನೀರಿಗದ್ದಬೇಕು; ಮೊದಲಾದರೆ ಮುರಿಯುತ್ತದೆ, ತಡವಾದರೆ ಬಾಗಿಬಿಡುತ್ತದೆ. ಪಕ್ಕದಲ್ಲಿ ಚರ್ಮದ ಒರೆ ಹೊಲಿಯುತ್ತಿದ್ದವಳು ಸೂಜಿ ಕಚ್ಚಿಕೊಂಡೇ "ಹ್ಞೂಂ, ಈಗ" ಎನ್ನುತ್ತಿದ್ದಳು. ಲೋಕವೆಲ್ಲ ಇವನ ಕಣ್ಣನ್ನು ಹೊಗಳಿತು. ಅವಳು ನಕ್ಕು ಮುಂದಿನ ಒರೆಗೆ ದಾರ ಪೋಣಿಸಿದಳು. ಈ ಚಳಿಗಾಲದಲ್ಲಿ ಅವಳು ತೀರಿಹೋದಳು. ಹೇಳಿಕೊಳ್ಳಲು ನಾಚಿ ಮುದುಕ ಅಂದಾಜಿನ ಮೇಲೆ ಅದ್ದಿದ; ಕಾಡಿನವನ ಕೈ ಸೀಳಿದ್ದು ಅಂಥದ್ದೇ ಒಂದು.

"ಮೊದ್ಲೇ ಹೇಳೋಕೇನಾಗಿತ್ತು ಅಜ್ಜಾ? ನಂಗೇನು ಕಣ್ಣಿಲ್ವಾ?" ಎಂದು ಕಾಡಿನವನು ಮುಂದೆ ಜರುಗುತ್ತಾನೆ.

"ಅವಳ ಜಾಗಕ್ಕೆ ನಿನ್ನಂಥ ಗಡ್ಡದವನಾ! ನನ್ನ ಹಣೆಬರಹ. ಹ್ಞೂಂ, ಇಲ್ಲೇ ಪಕ್ಕಕ್ಕೆ ಕೂತ್ಕೋ. ರೆಪ್ಪೆ ಹೊಡೆದ್ರೆ ಇಕ್ಕಳದಲ್ಲಿ ಮೂಗು ಹಿಡೀತೀನಿ."

ಹನ್ನೆರಡನೆಯ ಅಲಗು ಕಾಯುತ್ತಿದೆ. ಕಾಡಿನವನು ಅದರ ಮೇಲೆ ಬಗ್ಗಿ ರೆಪ್ಪೆ ಹೊಡೆಯದೆ ನೋಡುತ್ತಾನೆ.

"ಈಗ!"

ನೀರು ಚುಂಯ್ ಎನ್ನುತ್ತದೆ. ಮುದುಕ ಅಲಗನ್ನು ದಿಮ್ಮಿಗೆ ಚುಚ್ಚಿ, ಇರುವಷ್ಟೂ ಭಾರ ಹಾಕಿ ಪಕ್ಕಕ್ಕೆ ಒತ್ತುತ್ತಾನೆ. ಬಾಗುತ್ತದೆ. ಕೈಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ಕಾಡಿನವನು ಪೆಟ್ಟಾಗದ ಕೈಯಿಂದ ತೊಡೆ ತಟ್ಟುತ್ತಾನೆ. ಮುದುಕ ಮಾತ್ರ ಅಲಗನ್ನು ಅಂಗಿಗೆ ಒರೆಸುತ್ತಲೇ ಇದ್ದಾನೆ, ಒರೆಸುತ್ತಲೇ ಇದ್ದಾನೆ.

"ಗಟ್ಟಿಯಾಯ್ತಲ್ಲ ಅಜ್ಜಾ, ಅಳೋದ್ಯಾಕೆ?"

"ಇದೂ ಮುರೀಲಿ ಅಂತ ಒಳಗೊಳಗೇ ಆಸೆ ಇತ್ತು ಕಣಪ್ಪಾ," ಎನ್ನುತ್ತಾನೆ. "ಅವಳಿಲ್ದೆ ಇದು ಆಗೋದೇ ಇಲ್ಲ ಅಂದ್ಕೊಂಡು ಇರಬಹುದಿತ್ತು."