ಕಡವಿನವರಿಗೂ ಒಂದು ‘ದಿ’

ಇಂಗ್ಲಿಷಿನ ‘ದಿ’ ಯಾರಿಗೆ ಸಲ್ಲುತ್ತದೆಂದು ಇಂದಿಗೂ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಟ್ವಾಳದ ಹತ್ತಿರದ ಶಾಲೆಯಲ್ಲಿ, ಎಂಟನೇ ಕ್ಲಾಸಿನಲ್ಲಿ, ಜಗಳ ಮಾಡಿಯೇ ಕಲಿತವಳು ನಾನು.

ಹೆಸರಿನ ಮೊದಲು ‘ದಿ’ ಬೇಡ, ಪದವಿಯನ್ನಷ್ಟೇ ಹೇಳಿದರೆ ಬೇಕು, ಏಕೆಂದರೆ ಊರಿಗೆ ಅವರೊಬ್ಬರೇ ಎಂದು ಇಂಗ್ಲಿಷ್ ಮಾಸ್ಟ್ರು ಕಲಿಸಿದ್ದರು. ದಿ ಪಟೇಲ್, ದಿ ಪೋಸ್ಟ್‌ಮಾಸ್ಟರ್. ನನ್ನ ಅಪ್ಪ ನೇತ್ರಾವತಿಯ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವವರು. ಆ ಕಡವಿಗೆ ಅವರೂ ಒಬ್ಬರೇ. ಹಾಗಾದರೆ ಅವರಿಗೂ ‘ದಿ’ ಉಂಟಲ್ಲ ಎಂದು ಕೇಳಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ದೋಣಿಯವನದ್ದು ಯಾವ ಪದವಿ, ಕೂತುಕೋ ಎಂದರು ಮಾಸ್ಟ್ರು.

ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಇಂಗ್ಲಿಷಿನಲ್ಲಿ ವಂದನಾರ್ಪಣೆ ಮಾಡಲು ನನ್ನನ್ನೇ ಆರಿಸಿದರು. ತಡವರಿಸದೆ ಓದುವವರು ಬೇರೆ ಯಾರಿದ್ದರು? ಮಾಸ್ಟ್ರು ಬರೆದುಕೊಟ್ಟ ಚೀಟಿಯಲ್ಲಿ ಐದು ಮಂದಿ ಗಣ್ಯರು. ಒಬ್ಬೊಬ್ಬರನ್ನೇ ಕರೆದು ಮರ್ಯಾದೆಗೆ ಕೈಗೊಂದು ಲಿಂಬೆಹಣ್ಣು ಕೊಡಬೇಕು. ಬೆಳಗಿನಿಂದ ಬೆಂಚು, ಹಾರ್ಮೋನಿಯಂ, ಇನ್‌ಸ್ಪೆಕ್ಟರು, ಆಚೆ ದಡದ ಪಟೇಲರು ಎಂದು ಎಲ್ಲವನ್ನೂ ಎಲ್ಲರನ್ನೂ ಪುಕ್ಕಟೆ ದಾಟಿಸಿದ ಅಪ್ಪ ಮಾತ್ರ ಅದರಲ್ಲಿ ಇರಲಿಲ್ಲ. ಅವರು ಚಪ್ಪರದ ಹೊರಗೆ ನಿಂತಿದ್ದರು. ಪಟೇಲರ ಎದುರು ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ಕಂಕುಳಿಗೆ ಸೇರಿಸಿಕೊಂಡೇ ನಿಲ್ಲಬೇಕು. ಪಟೇಲರ ಒಂದು ಮಾತಿಗೆ ಕಡವು ಬೇರೆಯವರ ಪಾಲಾಗಬಹುದಿತ್ತು.

ನಾನು ಮನೆಯಿಂದ ಆರನೆಯ ಲಿಂಬೆಹಣ್ಣು ತಂದಿದ್ದೆ. ಐದೂ ಕೊಟ್ಟು ಮುಗಿದ ಮೇಲೆ, ಆದದ್ದಾಗಲಿ ಎಂದು, “ದಿ ಬೋಟ್‌ಮನ್” ಎಂದು ಗಟ್ಟಿಯಾಗಿ ಕರೆದೆ. ಮಾಸ್ಟ್ರ ಮುಖ ಕಪ್ಪಿಟ್ಟಿತು. ಪಟೇಲರು ದುರುಗುಟ್ಟಿ ನೋಡಿದರು. ನೋಡಲಿ, ಅವರಪ್ಪನ ಮನೆಯ ಗಂಟೇನು ಹೋಯಿತು? ಇಂಗ್ಲಿಷು ಬಾರದ ಅಪ್ಪ ಅಲುಗಲಿಲ್ಲ. ನಾನೇ ವೇದಿಕೆ ಇಳಿದು, ಕುರ್ಚಿಗಳ ನಡುವೆ ಹಾದುಹೋಗಿ ಹಣ್ಣು ಚಾಚಿದೆ. ಅವರು ಒಮ್ಮೆ ಪಟೇಲರ ಕಡೆ ನೋಡಿದರು. ಆದರೂ ತೆಗೆದುಕೊಂಡರು.

ಮನೆಯಲ್ಲಿ ಅಮ್ಮ ಸಹಸ್ರನಾಮ ಮಾಡಿದಳು. ಕಡವು ಹೋದರೆ ನಿನ್ನ ಇಂಗ್ಲಿಷನ್ನು ಬೇಯಿಸಿ ಉಣ್ಣಲಿಕ್ಕೆ ಆಗ್ತದಾ ಎಂದು ಕೇಳಿದಳು. ನನಗೂ ಈಗ ಭಯವಾಯಿತು.

ಮರುದಿನ ಅಪ್ಪನಿಗೆ ಗಂಜಿ ಕೊಡಲು ಹೋಗಿ, ಆಚೆ ದಡಕ್ಕೆ ದೋಣಿಯಲ್ಲಿ ಜೊತೆಗೆ ಹೋಗಿದ್ದೆ. ಬಿ.ಸಿ.ರೋಡಿನ ಪೇಟೆಗೆ ಹೊರಟ ಪಟೇಲರು ಬಂದು ದೋಣಿ ಹತ್ತಿದರು. ಅವರು ಕಾಲಿಟ್ಟರೆಂದರೆ ಉಳಿದವರು ದಡದಲ್ಲೇ ಕಾಯಬೇಕು, ದೋಣಿ ಅವರೊಬ್ಬರಿಗಾಗಿ ತಕ್ಷಣ ಹೊರಡಬೇಕು. ಅದು ಅಜ್ಜನ ಕಾಲದ ಕ್ರಮ. ಅಪ್ಪ ಹುಟ್ಟು ಮುಟ್ಟಲಿಲ್ಲ. ಬೈರಾಸು ಹೆಗಲ ಮೇಲೆಯೇ ಇತ್ತು.

“ಕೂತುಕೊಳ್ಳಿ ಪಟೇಲರೆ,” ಎಂದರು. “ಇನ್ನೂ ನಾಲ್ಕು ಜನ ಬರ್ಲಿಕ್ಕೆ ಉಂಟು.”

ಪಟೇಲರು ಕೂತರು.